ಊರು ಬಿಟ್ಟು ಗೆದ್ದ ಮೊಲ

ಸಾಕುಪ್ರಾಣಿಗಳ ಅಂಗಡಿಯಲ್ಲಿ ಪಂಜರದೊಳಗೆ ಕೂತು ಸೊಪ್ಪು ಮೆಲ್ಲುವ ಬಿಳಿ ಮೊಲ ನಮ್ಮ ಕಡೆಯದಲ್ಲ. ಅದರ ಹಿರಿಯರು ಸ್ಪೇನ್, ಪೋರ್ಚುಗಲ್ ಕಡೆಯವರು. ನಮ್ಮ ಹೊಲದ ಬದುವಿನಿಂದ ಥಟ್ಟನೆ ಎದ್ದೋಡುವ ಕಾಡುಮೊಲ ಬೇರೆಯೇ ಜಾತಿ. ಹಂಪಿಯ ಕಥೆಯಲ್ಲಿ ಬೇಟೆನಾಯಿಗಳನ್ನೇ ತಿರುಗಿ ಅಟ್ಟಿಸಿಕೊಂಡು ಹೋಗಿದ್ದೂ ಈ ಕಾಡುಮೊಲವೇ ಇರಬೇಕು. ಇದು ಬಿಲ ತೋಡುವುದಿಲ್ಲ. ಹುಲ್ಲಿನ ಮರೆಯಲ್ಲೇ ಮರಿ ಹಾಕುತ್ತದೆ. ಮರಿಗಳಿಗೆ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣೂ ತೆರೆದಿರುತ್ತದೆ.

ಯುರೋಪಿನ ಮೊಲ ಹಾಗಲ್ಲ. ಅದು ಬಿಲ ತೋಡಿ ಗುಂಪಾಗಿ ಬಾಳುತ್ತದೆ. ಮರಿಗಳು ಹುಟ್ಟುವಾಗ ಬೋಳು, ಕುರುಡು. ಬಿಲದ ಆಸರೆ ಇರುವುದರಿಂದ ಅಷ್ಟು ಸಾಕು. ಸುಮಾರು ಒಂದು ತಿಂಗಳಿಗೆ ಈಯುವ ತಾಯಿ, ಈದ ದಿನವೇ ಮತ್ತೆ ಗಬ್ಬವಾಗಬಲ್ಲದು. ಈ ವೇಗಕ್ಕೆ ರೋಮನ್ನರ ಕಾಲದಲ್ಲೇ ಜನ ಬೆಚ್ಚಿದ್ದರು. ಸ್ಪೇನ್ ಬಳಿಯ ಬಲೆಯಾರಿಕ್ ದ್ವೀಪಗಳ ರೈತರು ಮೊಲಗಳ ಕಾಟ ತಡೆಯಲಾಗದೆ ಚಕ್ರವರ್ತಿ ಅಗಸ್ಟಸ್‌ನ ಬಳಿ ಸೈನ್ಯವನ್ನೇ ಕೇಳಿದ್ದರೆಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಮುಂದೆ ಚಕ್ರವರ್ತಿ ಹೇಡ್ರಿಯನ್ ಹೊರಡಿಸಿದ ನಾಣ್ಯದಲ್ಲಿ ಸ್ಪೇನ್ ದೇಶ ಒಬ್ಬ ಹೆಂಗಸಿನ ರೂಪದಲ್ಲಿ ಒರಗಿ ಕೂತಿದ್ದಾಳೆ, ಕಾಲ ಬಳಿ ಒಂದು ಮೊಲ!

1859ರ ಕ್ರಿಸ್‌ಮಸ್ ದಿನ ಇಂಗ್ಲೆಂಡಿನಿಂದ 24 ಮೊಲಗಳು ಹಡಗಿನಲ್ಲಿ ಮೆಲ್ಬರ್ನ್ ತಲುಪಿದವು. ತರಿಸಿದವನು ಥಾಮಸ್ ಆಸ್ಟಿನ್ ಎಂಬ ಜಮೀನ್ದಾರ. ಬೇಟೆಯ ಮೋಜಿಗೆ, ಅಷ್ಟೇ. ಅದಕ್ಕೂ ಮೊದಲೇ, 1788ರಿಂದ, ಆಸ್ಟ್ರೇಲಿಯಕ್ಕೆ ಎಷ್ಟೋ ಸಲ ಮೊಲ ಬಂದಿತ್ತು, ಆದರೆ ಅವು ಹೀಗೆ ಖಂಡವಿಡೀ ಹರಡಿರಲಿಲ್ಲ. ಹಳೆಯವು ಹೆಚ್ಚಾಗಿ ಸಾಕುಮೊಲ. ಆಸ್ಟಿನ್ ತರಿಸಿದವುಗಳಲ್ಲಿ ಕಾಡಿನ ರಕ್ತವಿತ್ತು. ಇಂದು ಆ ಖಂಡದ ಬಹುಪಾಲು ಮೊಲಗಳು ಆ ಒಂದು ತಂಡದ ಸಂತತಿ ಎಂದು 2022ರಲ್ಲಿ ಡಿಎನ್‌ಎ ಅಧ್ಯಯನವೊಂದು ತೋರಿಸಿತು. ಅವು ಹುಲ್ಲು ಬೋಳಿಸಿದವು, ಎಳೆ ಸಸಿಗಳನ್ನು ತಿಂದವು. ಪಶ್ಚಿಮ ಆಸ್ಟ್ರೇಲಿಯ 1,800 ಕಿಲೋಮೀಟರಿಗೂ ಉದ್ದದ ಬೇಲಿ ಹಾಕಿತು. ಬೇಲಿ ಮುಗಿಯುವ ಹೊತ್ತಿಗೆ ಮೊಲ ಆಚೆ ದಾಟಿಯಾಗಿತ್ತು.

1950ರಲ್ಲಿ ಸರ್ಕಾರ ವೈರಸ್ಸಿಗೆ ಕೈ ಹಾಕಿತು. ಮಿಕ್ಸೋಮಾ ಎಂಬ ಈ ವೈರಸ್ ದಕ್ಷಿಣ ಅಮೆರಿಕದ ಕಾಡುಮೊಲಕ್ಕೆ ಒಂದು ಸಣ್ಣ ಗಂಟು ಬರಿಸಿ ಸುಮ್ಮನಾಗುತ್ತದೆ. ಯುರೋಪಿನ ಮೊಲಕ್ಕೆ ಮಾತ್ರ ಅದು ಸಾವು. ಸೊಳ್ಳೆಗಳು ರೋಗವನ್ನು ಹಬ್ಬಿಸಿದವು, ಸುಮಾರು 60 ಕೋಟಿ ಮೊಲಗಳು ಎರಡೇ ವರ್ಷದಲ್ಲಿ ಸುಮಾರು 10 ಕೋಟಿಗೆ ಇಳಿದವು. ಅದೇ ಹೊತ್ತಿಗೆ ಜನರಲ್ಲಿ ಮಿದುಳುಜ್ವರ ಕಾಣಿಸಿಕೊಂಡು, ಈ ವೈರಸ್ಸೇ ಕಾರಣವೇನೋ ಎಂದು ಗಾಬರಿಯಾಯಿತು. ಆಗ ವಿಜ್ಞಾನಿಗಳಾದ ಫ್ರ್ಯಾಂಕ್ ಫೆನ್ನರ್, ಮ್ಯಾಕ್‌ಫರ್ಲೇನ್ ಬರ್ನೆಟ್, ಇಯಾನ್ ಕ್ಲೂನೀಸ್ ರಾಸ್ ಮೂವರೂ ಆ ವೈರಸ್ಸನ್ನು ತಮ್ಮ ಮೈಗೇ ಚುಚ್ಚಿಸಿಕೊಂಡರು. ಏನೂ ಆಗಲಿಲ್ಲ.

ಫೆನ್ನರ್ ಮುಂದೆ ಕಂಡದ್ದು ಇನ್ನೂ ಸ್ವಾರಸ್ಯ. ವೈರಸ್ಸಿನ ಮೊದಲ ತಳಿ ನೂರಕ್ಕೆ 99ಕ್ಕೂ ಹೆಚ್ಚು ಮೊಲಗಳನ್ನು ಕೊಲ್ಲುತ್ತಿತ್ತು. ಕೆಲವೇ ವರ್ಷಗಳಲ್ಲಿ ಸ್ವಲ್ಪ ಸೌಮ್ಯವಾದ ತಳಿಗಳು ಅದನ್ನು ಹಿಂದಿಕ್ಕಿದವು. ಮೊಲ ಬೇಗ ಸತ್ತರೆ ವೈರಸ್ಸಿಗೇ ನಷ್ಟ, ಅಲ್ವಾ? ಹೆಚ್ಚು ದಿನ ಬದುಕಿದ ರೋಗಿಯನ್ನು ಜಾಸ್ತಿ ಸೊಳ್ಳೆಗಳು ಕಚ್ಚುತ್ತವೆ. ಇತ್ತ ಬದುಕುಳಿದ ಮೊಲಗಳ ಮರಿಗಳಲ್ಲಿ ತಡೆಯುವ ಶಕ್ತಿಯೂ ಬೆಳೆಯುತ್ತಿತ್ತು. ವಿಕಾಸ ಕಣ್ಣೆದುರೇ ನಡೆಯುವುದನ್ನು ಇಷ್ಟು ಸ್ಪಷ್ಟವಾಗಿ ನೋಡಲು ಸಿಕ್ಕ ಸಂದರ್ಭಗಳು ಕಡಿಮೆ.

1952ರಲ್ಲಿ ಫ್ರಾನ್ಸಿನ ನಿವೃತ್ತ ವೈದ್ಯ ಆರ್ಮಾನ್ ಡೆಲೀಲ್ ತನ್ನ ಎಸ್ಟೇಟಿನ ಮೊಲಗಳ ಕಾಟಕ್ಕೆ ಇದೇ ವೈರಸ್ ತರಿಸಿ ಎರಡು ಮೊಲಗಳಿಗೆ ಚುಚ್ಚಿದ. ಎಸ್ಟೇಟಿಗೆ ಗೋಡೆಯಿದೆ, ರೋಗ ಹೊರಗೆ ಹೋಗದು ಎಂದು ನಂಬಿದ್ದ. ಕೆಲವೇ ವರ್ಷಗಳಲ್ಲಿ ಅದು ಯುರೋಪನ್ನೆಲ್ಲ ಸುತ್ತಿತು. ಅವನಿಗೆ ದಂಡವೂ ಬಿತ್ತು, ಬೆಳೆ, ಕಾಡು ಉಳಿಸಿದನೆಂದು ಪದಕವೂ ಸಿಕ್ಕಿತು!

ಪೆಟ್ಟು ತಿಂದದ್ದು ಮೊಲದ ತವರು. ಸ್ಪೇನಿನಲ್ಲಿ ಮೊಲ ಪೀಡೆಯಷ್ಟೇ ಅಲ್ಲ, ಕಾಡಿನ ಅನ್ನ. ಐಬೀರಿಯನ್ ಲಿಂಕ್ಸ್ ಎಂಬ ಕಾಡುಬೆಕ್ಕಿಗೆ ದಿನಕ್ಕೆ ಹೆಚ್ಚುಕಡಿಮೆ ಒಂದು ಮೊಲ ಬೇಕು. 1980ರ ದಶಕದ ಕೊನೆಗೆ ಮೊಲಗಳಿಗೆ ರಕ್ತಸ್ರಾವದ ಇನ್ನೊಂದು ವೈರಸ್ ರೋಗವೂ ಬಂತು. 2002ರ ಹೊತ್ತಿಗೆ ಲಿಂಕ್ಸ್ ನೂರಕ್ಕಿಂತ ಕಡಿಮೆ ಉಳಿದಿದ್ದವು. ಲಿಂಕ್ಸ್‌ಗಳನ್ನು ಸಾಕಿ ಕಾಡಿಗೆ ಬಿಟ್ಟು, ಮೊಲಗಳಿಗೆ ಬಿಲ ಕಟ್ಟಿಕೊಟ್ಟು, ಈಗ ಅವು 2,000 ದಾಟಿವೆ. ಇನ್ನು ಆಸ್ಟ್ರೇಲಿಯ ಕೊಂದು ಮುಗಿಸಲಾಗದ ಈ ಮೊಲವನ್ನು ವನ್ಯಜೀವಿಗಳ ಸ್ಥಿತಿ ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2019ರಲ್ಲಿ ಅಪಾಯದಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು.

ಅಲ್ಲಿ ಪೀಡೆ, ಇಲ್ಲಿ ಬೇಕಾದ ಪ್ರಾಣಿ ಆದ್ದರಿಂದಲೇ 1990ರ ದಶಕದಲ್ಲಿ ಒಂದು ವಿಚಿತ್ರ ಪರಿಸ್ಥಿತಿ ಹುಟ್ಟಿತ್ತು. ಆಸ್ಟ್ರೇಲಿಯದ ವಿಜ್ಞಾನಿಗಳು ಮಿಕ್ಸೋಮಾ ವೈರಸ್ಸನ್ನು ತಿದ್ದಿ ಮೊಲಗಳನ್ನು ಬಂಜೆ ಮಾಡಲು ನೋಡುತ್ತಿದ್ದರು. ಸ್ಪೇನಿನವರು ಅದೇ ವೈರಸ್ಸನ್ನು ತಿದ್ದಿ, ಮೊಲದಿಂದ ಮೊಲಕ್ಕೆ ತಾನೇ ಹರಡುವ ಲಸಿಕೆ ಮಾಡಿ, ಬಲೆಯಾರಿಕ್ ದ್ವೀಪಗಳಲ್ಲೊಂದಾದ ಮೆನೋರ್ಕಾ ಬಳಿಯ ಪುಟ್ಟ ದ್ವೀಪದಲ್ಲಿ ಪರೀಕ್ಷಿಸಿದರು. ಒಂದು ತಪ್ಪಿಸಿಕೊಂಡು ಸ್ಪೇನಿಗೆ ಬಂದರೆ? ಇನ್ನೊಂದು ಆಸ್ಟ್ರೇಲಿಯಕ್ಕೆ ಹೋದರೆ? ಕೊನೆಗೆ ಎರಡನ್ನೂ ಕಾಡಿಗೆ ಬಿಡಲಿಲ್ಲ.