ಊಟದ ಮೇಜಿನ ದೀಪ ಇನ್ನೂ ಕೆಳಗಿಳಿಯಲಿ

ಊಟದ ಮೇಜಿನ ಮೇಲೆ ತೂಗುದೀಪ ಬೇಕು ಅಂತ ನನ್ನ ಹತ್ತಿರ ಬರುವವರು ಮೊಬೈಲಿನಲ್ಲಿ ಒಂದು ಫೋಟೊ ಹಿಡಿದುಕೊಂಡೇ ಬರುತ್ತಾರೆ. ದೀಪದ ಆಯ್ಕೆ ಚೆನ್ನಾಗಿಯೇ ಇರುತ್ತದೆ. ಅದು ಎಷ್ಟು ಕೆಳಗೆ ತೂಗುತ್ತಿದೆ ಅನ್ನುವುದನ್ನು ಮಾತ್ರ ಯಾರೂ ನೋಡಿರುವುದಿಲ್ಲ. ಎಲೆಕ್ಟ್ರಿಷಿಯನ್ ಏಣಿ ಹತ್ತಿದ ಕೂಡಲೇ ಕೆಳಗಿನಿಂದ ಶುರುವಾಗುತ್ತದೆ: "ಇನ್ನೂ ಸ್ವಲ್ಪ ಮ್ಯಾಲೆ ತಗೋರಿ, ತಲೀಗೆ ಬಡೀತದ." ಹುಬ್ಬಳ್ಳಿಯ ವಿದ್ಯಾನಗರವಿರಲಿ, ಧಾರವಾಡದ ಸಪ್ತಾಪುರವಿರಲಿ, ಇದೇ ಮಾತು.

ಯಾರ ತಲೆಗೆ? ಕೆಳಗೆ ಮೇಜು ಇದೆಯಲ್ಲ. ಅದನ್ನು ದಾಟಿಕೊಂಡು ಯಾರಾದರೂ ನಡೆದು ಹೋಗುತ್ತಾರಾ?

ಅಳತೆಯನ್ನು ಸ್ಲ್ಯಾಬಿನಿಂದ ಹಿಡಿಯಬೇಡಿ, ನೆಲದಿಂದಲೂ ಹಿಡಿಯಬೇಡಿ. ಮೇಜಿನ ಹಲಗೆಯಿಂದ ಹಿಡಿಯಿರಿ. ಹಲಗೆಯಿಂದ ದೀಪದ ಕೆಳಅಂಚಿಗೆ 30ರಿಂದ 36 ಇಂಚು. ಮನೆಯವರೆಲ್ಲ ಎತ್ತರವಾಗಿದ್ದರೆ 36ರ ಕಡೆಗೆ ಹೋಗಿ, ನನ್ನದೇನೂ ತಕರಾರಿಲ್ಲ. ಕೂತವರ ಕಣ್ಣು ಹಲಗೆಯಿಂದ ಸುಮಾರು ಒಂದೂವರೆ ಅಡಿ ಮೇಲಿರುತ್ತದೆ. ಹಾಗಾಗಿ ಎದುರಿಗೆ ಕೂತವರ ಮುಖ ದೀಪದ ಕೆಳಗಿನಿಂದ ಆರಾಮಾಗಿ ಕಾಣುತ್ತದೆ, ಬಲ್ಬು ಶೇಡಿನೊಳಗೆ ಅಡಗಿರುತ್ತದೆ. ಅದನ್ನೇ ಹಲಗೆಯಿಂದ ಐದಡಿಗೆ ಏರಿಸಿದಿರೋ, ಶೇಡಿನ ಬಾಯೊಳಗಿನ ಬಲ್ಬು ನೇರವಾಗಿ ಕಣ್ಣಿಗೆ ಚುಚ್ಚುತ್ತದೆ. ತಟ್ಟೆಯ ಮೇಲೆ ಬೀಳುವ ಬೆಳಕೂ ಕಡಿಮೆ. ದೂರ ಎರಡು ಪಟ್ಟಾದರೆ ಬೆಳಕು ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಆಗ ಏನು ಮಾಡುತ್ತಾರೆ ಹೇಳಿ? 9 ವ್ಯಾಟಿನ ಬಲ್ಬು ತೆಗೆದು 20 ವ್ಯಾಟಿನದು ಹಾಕುತ್ತಾರೆ. ಕಣ್ಣಿಗೆ ಇನ್ನೂ ಜಾಸ್ತಿ ಚುಚ್ಚುತ್ತದೆ. ಆಮೇಲೆ ಆ ದೀಪ ಹಚ್ಚುವುದನ್ನೇ ಬಿಟ್ಟು, ಗೋಡೆಯ ಟ್ಯೂಬ್‌ಲೈಟಿನಲ್ಲಿ ಊಟ ಮಾಡುತ್ತಾರೆ.

ಪೂರ್ತಿ ತಪ್ಪು ಮನೆಯವರದೇ ಅಂತಲೂ ಹೇಳಲಾರೆ. ತೂಗುದೀಪಗಳ ಜೊತೆ ಎಷ್ಟೋ ಸಲ ಒಂದೇ ಮೀಟರ್ ವೈರು ಬರುತ್ತದೆ. 10 ಅಡಿ ಎತ್ತರದ ಸ್ಲ್ಯಾಬು, 30 ಇಂಚಿನ ಮೇಜು ಅಂದರೆ ಸ್ಲ್ಯಾಬಿನಿಂದ ದೀಪ ಸೇರಿ ಐದಡಿಯಷ್ಟು ಇಳಿಬಿಡಬೇಕು. ಒಂದು ಮೀಟರ್ ಯಾವ ಮೂಲೆಗೆ ಸಾಕು? ಕೊಳ್ಳುವಾಗಲೇ ಉದ್ದ ಕೇಳಿ. ಸಾಲದಿದ್ದರೆ ಇಡೀ ವೈರನ್ನೇ ಬದಲಿಸಿ, ನಡುವೆ ಗಂಟು ಹಾಕಿ ಟೇಪು ಸುತ್ತಿಸಬೇಡಿ. ಲೋಹದ ಶೇಡಾದರೆ ಅರ್ಥಿಂಗ್ ಇರುವ ಮೂರೆಳೆ ವೈರೇ ಬೇಕು. ಭಾರದ ದೀಪದ ಕೊಕ್ಕೆ ಸ್ಲ್ಯಾಬಿಗೆ ಹೋಗಬೇಕು, ಅದರ ಕೆಳಗಿನ ಪಿಒಪಿ ಸೀಲಿಂಗಿಗೆ ಅಲ್ಲ.

ಕೇಶ್ವಾಪುರದ ಒಂದು ಮನೆಯ ಅಜ್ಜಿ ಮಾತ್ರ ನನ್ನ ಬಾಯಿ ಮುಚ್ಚಿಸಿದರು. "ಸತ್ಯನಾರಾಯಣ ಪೂಜಾ ದಿನ ಈ ಮೇಜು ಗ್ವಾಡೀಗೆ ಸರಸ್ತೀವಿ, ಪಂಕ್ತಿ ಇಲ್ಲೇ ಹಾಕ್ತೀವಿ. ಬಡಸವ್ರ ತಲೀ ಗತಿ ಏನು?" ಇದು ಸರಿಯಾದ ಪ್ರಶ್ನೆ. ನಮ್ಮ ಕಡೆ ಮೇಜು ಕಾಯಂ ಒಂದೇ ಕಡೆ ನಿಲ್ಲುವ ಸಾಮಾನಲ್ಲ. ಸ್ಲ್ಯಾಬಿನಲ್ಲಿ ಇನ್ನೊಂದು ಕೊಕ್ಕೆ ಹಾಕಿಸಿದೆ. ಪೂಜೆಯ ದಿನ ದೀಪ ಆರಿಸಿ, ವೈರನ್ನು ಒಂದು ಸುತ್ತು ಮಡಚಿ ಅದಕ್ಕೆ ಸಿಕ್ಕಿಸಿದರೆ ಆಯಿತು. ಹಗುರ ದೀಪಕ್ಕೆ ಇಷ್ಟು ಸಾಕು. ಭಾರದ್ದಾದರೆ ಏರಿಳಿಸುವ ರಾಟೆಯ ದೀಪವೇ ಬರುತ್ತದೆ, ಬೆಲೆ ಮಾತ್ರ ಜಾಸ್ತಿ. ದಿನವೂ ನೆಲದ ಮೇಲೆ ಕೂತೇ ಉಣ್ಣುವ ಮನೆಗೆ ತೂಗುದೀಪ ಸುಮ್ನೆ ಖರ್ಚು. ಗೋಡೆಯ ದೀಪ ಹಾಕಿಸಿ ಅಂತಲೇ ಹೇಳಿ ಕಳಿಸುತ್ತೇನೆ.

ಮನೆಯಲ್ಲೇ ಮಾಡಿಕೊಳ್ಳುವ ಹುಮ್ಮಸ್ಸಿನವರನ್ನು ಕಂಡರೆ ನನಗೆ ಇಷ್ಟ. ಮೇದಾರ ಓಣಿಯಿಂದ ಬಿದಿರು ಬುಟ್ಟಿ ತಂದು ಬೋರಲು ಹಾಕಿ, ತಳದಲ್ಲಿ ತೂತು ಕೊರೆದು ಹೋಲ್ಡರ್ ಕೂರಿಸಿದರೆ ಚೆಂದದ ಶೇಡು ರೆಡಿ. ಬಾಯಿಯ ಅಗಲ ಮೇಜಿನ ಅಗಲದ ಅರ್ಧ ಇದ್ದರೆ ಕಣ್ಣಿಗೆ ಹಿತ. ಒಳಗೆ ಎಲ್‌ಇಡಿ ಬಲ್ಬೇ ಇರಲಿ. ಹಳೆಯ ತಂತಿ ಬಲ್ಬಿನ ಬಿಸಿಗೆ ಬಿದಿರು ಕರಕಾಗುತ್ತದೆ, ಹೊತ್ತಿಕೊಂಡರೂ ಆಶ್ಚರ್ಯವಿಲ್ಲ. ಹೆಣಿಗೆಯ ಸಂದಿಯಿಂದ ಗೋಡೆಯ ಮೇಲೆಲ್ಲ ಗೆರೆ ಗೆರೆ ನೆರಳು ಬೀಳುತ್ತದೆ. ಅದು ಬೇಡವಾದರೆ ಬೆಂಗೇರಿಯ ಖಾದಿ ಅಂಗಡಿಯಿಂದ ತೆಳು ಬಟ್ಟೆ ತಂದು, ಬಲ್ಬಿಗೆ ತಾಗದಂತೆ ಒಳಗಡೆ ಹೊಲಿಯಿರಿ. ಫ್ಯಾನು ಹತ್ತಿರವಿದ್ದರೆ ಇಂಥ ಹಗುರ ಬುಟ್ಟಿ ಇಡೀ ಊಟದ ಹೊತ್ತು ತೂರಾಡುತ್ತದೆ, ಅದನ್ನೂ ಮೊದಲೇ ನೋಡಿಕೊಳ್ಳಿ.

ಬಲ್ಬಿನ ಬಣ್ಣದ ಬಗ್ಗೆ ಜಗಳ ಕಾಯಂ. ಅಂಗಡಿಯವರು 6500 ಕೆಲ್ವಿನ್‌ನ ಬಿಳಿ ಬಲ್ಬನ್ನೇ ಕೈಗಿಡುತ್ತಾರೆ (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಹಳದಿ). ಅದರ ಕೆಳಗೆ ಜೋಳದ ರೊಟ್ಟಿ ಬೂದಿ ಬಳಿದಂತೆ ಕಾಣುತ್ತದೆ, ಬ್ಯಾಡಗಿ ಮೆಣಸಿನಕಾಯಿ ಹಾಕಿದ ಎಣ್ಣೆಗಾಯಿಯ ಕೆಂಪು ಮಂಕಾಗುತ್ತದೆ. 2700 ಅಥವಾ 3000 ಕೆಲ್ವಿನ್ ಕೇಳಿ, ಸಿಆರ್‌ಐ, ಅಂದರೆ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವ ಅಂಕ, 90 ಇದ್ದರೆ ಇನ್ನೂ ಒಳ್ಳೆಯದು. ಮಕ್ಕಳು ಅದೇ ಮೇಜಿನ ಮೇಲೆ ಹೋಮ್‌ವರ್ಕ್ ಮಾಡುತ್ತಾರೆ, ಹಳದಿ ಬೆಳಕು ಸಾಲದು ಅಂತ ಕೆಲವರು ಅನ್ನುತ್ತಾರೆ. ದೀಪ 30 ಇಂಚಿನಲ್ಲಿದ್ದರೆ ಸಾಲುತ್ತದೆ. ಐದಡಿಯಲ್ಲಿ ತೂಗಿಸಿದವರೇ ನನ್ನ ಹತ್ತಿರ ಈ ದೂರು ತರುವುದು.