ಪಟಾಕಿಗೆ ಆನೆ ಯಾಕೆ ಹೆದರಲ್ಲ? ಪಾವ್ಲೋವ್‌ನಿಂದ ಸಿದ್ದಾಪುರದ ತೋಟದವರೆಗೆ

ಕೊಡಗಿನ ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ ಕಡೆ ಯಾವ ಕಾಫಿ ತೋಟದವರನ್ನ ಮಾತಾಡ್ಸಿದ್ರೂ ಈ ಮಾತು ಬಂದೇ ಬರುತ್ತೆ, ಮೊದಲೆಲ್ಲ ಡಬ್ಬ ಬಡಿದ್ರೆ ಸಾಕು ಆನೆ ಕಾಡಿಗೆ ಹೋಗ್ತಿತ್ತು, ಈಗ ಪಟಾಕಿ ಹೊಡೆದ್ರೂ ಒಂದ್ಸಲ ತಿರುಗಿ ನೋಡಿ ಮತ್ತೆ ಹಲಸಿನ ಹಣ್ಣಿಗೆ ಸೊಂಡಿಲು ಹಾಕುತ್ತೆ ಅಂತ. ಆನೆ ಬುದ್ಧಿವಂತ ಪ್ರಾಣಿ ಅಲ್ವಾ ಅಂತ ನಾವು ಅಲ್ಲಿಗೆ ಮುಗಿಸಿಬಿಡ್ತೀವಿ. ಬುದ್ಧಿ ಇರೋದು ನಿಜ, ಆದ್ರೆ ಈ ಪಾಠ ಅದಕ್ಕೆ ಹೇಳಿಕೊಟ್ಟಿದ್ದು ನಾವೇ ಅನ್ಸುತ್ತೆ ನಂಗೆ, ಯಾಕೆ ಅಂತ ಗೊತ್ತಾಗೋಕೆ ಸ್ವಲ್ಪ ಹಿಂದೆ ಹೋಗ್ಬೇಕು.

ರಷ್ಯಾದ ಇವಾನ್ ಪಾವ್ಲೋವ್ ಮನಶ್ಶಾಸ್ತ್ರದವನೇ ಅಲ್ಲ, 1904ರಲ್ಲಿ ಅವನಿಗೆ ನೊಬೆಲ್ ಬಂದಿದ್ದು ಜೀರ್ಣಕ್ರಿಯೆ ಮೇಲಿನ ಕೆಲಸಕ್ಕೆ. ನಾಯಿ ಬಾಯಿಗೆ ಊಟ ಬೀಳೋ ಮೊದಲೇ ಜೊಲ್ಲು ಸುರಿಸೋದು ನೋಡಿ ಅದರ ಹಿಂದೆ ಬಿದ್ದ, ಟಕ್ ಟಕ್ ಅನ್ನೋ ಮೆಟ್ರೋನೋಮ್ ಕೇಳಿಸಿ ಆಮೇಲೆ ಊಟ ಕೊಟ್ರೆ ಕೊನೆಗೆ ಬರೀ ಸದ್ದಿಗೇ ಜೊಲ್ಲು ಬರುತ್ತೆ ಅಂತ ತೋರಿಸಿದ. ಎಲ್ಲರಿಗೂ ಗೊತ್ತಿರೋದು ಇಷ್ಟೇ. ಊಟ ಕೊಡದೆ ಸದ್ದು ಮಾತ್ರ ಮಾಡ್ತಾ ಹೋದ್ರೆ ಜೊಲ್ಲು ಕಮ್ಮಿಯಾಗಿ ನಿಂತೇ ಹೋಗುತ್ತೆ ಅಂತಾನೂ ಅವನು ತೋರಿಸಿದ್ದ. ಪಟಾಕಿ ವಿಷಯ ಇನ್ನೂ ಸರಳ, ದೊಡ್ಡ ಸದ್ದಿಗೆ ಬೆಚ್ಚೋದು ಹುಟ್ಟಿನಿಂದಲೇ ಬಂದಿರೋದು, ಅದನ್ನ ಯಾರೂ ಕಲಿಸ್ಬೇಕಿಲ್ಲ, ಆದ್ರೆ ಆ ಸದ್ದಿನ ಹಿಂದೆ ಏನೂ ಆಗಲ್ಲ ಅಂತ ಮತ್ತೆ ಮತ್ತೆ ಗೊತ್ತಾದ್ರೆ ಬೆಚ್ಚೋದು ತಾನಾಗೇ ನಿಲ್ಲುತ್ತೆ. ಹ್ಯಾಬಿಚುಯೇಷನ್ ಅಂತಾರೆ ಇದಕ್ಕೆ.

ಅಮೆರಿಕದಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಅನ್ನೋ ಮನಶ್ಶಾಸ್ತ್ರಜ್ಞ 1898ರಲ್ಲೇ ಹಸಿದ ಬೆಕ್ಕುಗಳನ್ನ ಪೆಟ್ಟಿಗೆಗೆ ಹಾಕಿ, ಹೊರಗೆ ತಿನ್ನೋಕೆ ಇಟ್ಟು ನೋಡಿದ್ದ. ಪರದಾಡ್ತಾ ಇದ್ದಾಗ ಹೇಗೋ ಚಿಲಕ ಬಿಚ್ಚಿಕೊಳ್ಳುತ್ತೆ, ಮುಂದಿನ ಸಲ ಸ್ವಲ್ಪ ಬೇಗ, ಆಮೇಲೆ ಇನ್ನೂ ಬೇಗ. ಒಳ್ಳೇದಾದ್ರೆ ಆ ಕೆಲಸ ಗಟ್ಟಿಯಾಗುತ್ತೆ, ಕೆಟ್ಟದಾದ್ರೆ ಬಿಟ್ಟುಹೋಗುತ್ತೆ ಅಂತ ಹೇಳಿದ, ಆದ್ರೆ 1930ರ ದಶಕದ ಹೊತ್ತಿಗೆ ಎರಡನೇ ಅರ್ಧ ಅವನೇ ವಾಪಸ್ ತಗೊಂಡ: ಬಹುಮಾನಕ್ಕಿರೋ ಶಕ್ತಿ ಶಿಕ್ಷೆಗಿಲ್ಲ.

ಅಲ್ಲಿಯದೇ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಕಥೆ ನಂಗೆ ತುಂಬಾ ಇಷ್ಟ. ಅವನ ಪೆಟ್ಟಿಗೆಯೊಳಗೆ ಇಲಿ ಒಂದು ಸನ್ನೆಕೋಲು ಒತ್ತಿದ್ರೆ ಒಂದು ತಿಂಡಿ ಗುಳಿಗೆ ಬೀಳುತ್ತೆ, ಆ ಗುಳಿಗೆಗಳನ್ನ ಅವನೇ ಕೂತು ಮಾಡ್ಬೇಕಿತ್ತು, ಒಂದು ಶನಿವಾರ ನೋಡ್ತಾನೆ ಸ್ಟಾಕ್ ಸೋಮವಾರ ಬೆಳಿಗ್ಗೆ ತನಕ ಮಾತ್ರ ಬರೋ ಹಾಗಿದೆ, ಸರಿ ಪ್ರತಿ ಸಲ ಯಾಕೆ ಕೊಡ್ಬೇಕು, ನಿಮಿಷಕ್ಕೊಂದು ಕೊಟ್ರೆ ಏನಾಗುತ್ತೆ ಅಂತ ಶುರು ಮಾಡಿದ. ಇಲಿ ಒತ್ತೋದು ನಿಲ್ಲಿಸಲೇ ಇಲ್ಲ. ಮುಂದೆ 1957ರಲ್ಲಿ ಜೊತೆಗಾರ ಸಂಶೋಧಕ ಫೆರ್‌ಸ್ಟರ್ ಜೊತೆ ಸೇರಿ ಇದನ್ನೇ ದೊಡ್ಡ ಪುಸ್ತಕ ಮಾಡಿದ. ಪ್ರತಿ ಸಲ ಸಿಗದ, ಅದರಲ್ಲೂ ಯಾವಾಗ ಸಿಗುತ್ತೆ ಅಂತ ಗೊತ್ತಿಲ್ಲದ ಬಹುಮಾನಕ್ಕೆ ಪ್ರಾಣಿ ಜಾಸ್ತಿ ಹೊತ್ತು ಅಂಟಿಕೊಂಡಿರುತ್ತೆ, ಅಂಥ ಅಭ್ಯಾಸ ಬಿಡಿಸೋದು ಕಷ್ಟ.

ಈಗ ನಮ್ಮ ತೋಟ ನೋಡಿ. ಕಾಫಿಗೆ ನೆರಳು ಅಂತ ಹಲಸು ಬೆಳೆಸಿದ್ದೀವಿ, ಜೊತೆಗೆ ಬೈನೆ ಮರ, ಬಾಳೆ, ಕೆರೆ ನೀರು, ಕೆಳಗಡೆ ಗದ್ದೆ. ಇವತ್ತು ಈ ತೋಟದಲ್ಲಿ ಹಣ್ಣಿಲ್ಲ, ನಾಳೆ ಪಕ್ಕದ್ರಲ್ಲಿದೆ, ಸ್ಕಿನ್ನರ್ ಪೆಟ್ಟಿಗೆಗಿಂತ ಚೆನ್ನಾಗಿ ಸೆಟ್ ಮಾಡಿಟ್ಟಿದ್ದೀವಿ.

ಹಾಗಾದ್ರೆ ಶಿಕ್ಷೆ ಕೆಲಸನೇ ಮಾಡಲ್ವಾ? ಮಾಡುತ್ತೆ. 1966ರಲ್ಲಿ ಏಜ್ರಿನ್ ಮತ್ತೆ ಹೋಲ್ಜ್ ಅನ್ನೋ ಇಬ್ಬರು ಸಂಶೋಧಕರು ಅಲ್ಲಿವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ ನೋಡಿದ್ರು, ಶಿಕ್ಷೆ ಮೊದಲ ಸಲವೇ ಜೋರಾಗಿರ್ಬೇಕು, ತಕ್ಷಣ ಆಗ್ಬೇಕು, ಪ್ರತಿ ಸಲ ಆಗ್ಬೇಕು, ಮೆಲ್ಲ ಮೆಲ್ಲಗೆ ಏರಿಸ್ತಾ ಹೋದ್ರೆ ಪ್ರಾಣಿ ತಡ್ಕೊಳ್ಳೋದನ್ನ ಕಲಿಯುತ್ತೆ. ನಾವು ಮಾಡಿದ್ದು ಏನು? ಮೊದಲು ಕೂಗಾಟ, ಆಮೇಲೆ ಡಬ್ಬ, ಆಮೇಲೆ ಟಾರ್ಚು, ಆಮೇಲೆ ಪಟಾಕಿ, ಕೋವಿ ಇದ್ದವರು ಗಾಳಿಲಿ ಒಂದು ಗುಂಡು. ಬೇಕು ಅಂತ ಪ್ಲಾನ್ ಮಾಡಿದ್ರೂ ಇಷ್ಟು ಕ್ರಮವಾಗಿ ಆಗ್ತಿರ್ಲಿಲ್ಲ. ಸೋಲಾರ್ ಬೇಲಿ ಈ ಲೆಕ್ಕದಲ್ಲಿ ಪರವಾಗಿಲ್ಲ, ಮುಟ್ಟಿದ ಕೂಡ್ಲೇ ಶಾಕ್, ಆದ್ರೆ ಮಳೆಗಾಲದಲ್ಲಿ ಬಳ್ಳಿ ತಂತಿಗೆ ಹಬ್ಬಿ ಕರೆಂಟ್ ಇಳಿದುಹೋಗುತ್ತೆ, ದಂತಕ್ಕೆ ಶಾಕ್ ತಾಗಲ್ಲ ಅನ್ನೋದನ್ನ ಸಲಗಗಳು ಕಂಡುಕೊಂಡಿವೆ, ಇನ್ನು ಕೆಲವು ಮರ ಉರುಳಿಸಿ ದಾಟುತ್ವೆ.

ಇದೇ ಜಾತಿ ಆನೆ ಕುಶಾಲನಗರದ ಹತ್ರ ದುಬಾರೆ ಕ್ಯಾಂಪಲ್ಲಿ ಮಾವುತನ ಒಂದು ಮಾತಿಗೆ ಕಾಲು ಮಡಚುತ್ತೆ. ಹಿಡಿದು ತಂದ ಆನೆಯನ್ನ ದಪ್ಪ ಮರದ ದಿಮ್ಮಿಗಳ ಕ್ರಾಲ್‌ನಲ್ಲಿ ಕೂಡಿ ಪಳಗಿಸೋದು, ಅದೇನೂ ಮೃದು ವಿಷಯ ಅಲ್ಲ, ಆದ್ರೆ ಅಲ್ಲಿ ಮಾತು, ಕೆಲಸ, ಬೆಲ್ಲ ಮೂರೂ ಒಂದರ ಹಿಂದೆ ಒಂದು ಬರುತ್ತೆ, ಅದೂ ದಿನಾ ನೋಡೋ ಅದೇ ಮಾವುತ, ಅದೇ ಕಾವಾಡಿ (ಮಾವುತನ ಸಹಾಯಕ) ಕೈಯಿಂದ.

ಇನ್ನು ಪಟಾಕಿ ಹಚ್ಚಿದವರ ಕಡೆ ಬನ್ನಿ, ಅವರೂ ಕಲೀತಿದ್ದಾರೆ. ಪಟಾಕಿ ಹೊಡೆದ್ರು, ಸ್ವಲ್ಪ ಹೊತ್ತಿಗೆ ಆನೆ ಪಕ್ಕದ ತೋಟಕ್ಕೆ ಹೋಯ್ತು, ಉಸಿರು ಬಂತು. ಆನೆ ಹೊಟ್ಟೆ ತುಂಬಿ ಹೋಯ್ತೋ ಪಟಾಕಿಗೆ ಹೋಯ್ತೋ ಯಾರು ಕೇಳ್ತಾರೆ. ಕಷ್ಟ ದೂರ ಆಗಿದ್ರಿಂದ ಗಟ್ಟಿಯಾಗೋ ಅಭ್ಯಾಸ ಇದು, ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್ (ಎಷ್ಟೋ ಜನ ಇದನ್ನ ಶಿಕ್ಷೆ ಅನ್ಕೊಂಡಿರ್ತಾರೆ, ಅಲ್ಲ), ಹಾಗಾಗಿ ಮುಂದಿನ ಸಲ ಪೇಟೆಗೆ ಹೋದಾಗ ಇನ್ನೆರಡು ಕಟ್ಟು ಪಟಾಕಿ ಬರುತ್ತೆ.

ಹಲಸಿನಕಾಯಿ ಹಣ್ಣಾಗೋ ಮೊದಲೇ ಇಳಿಸಿಬಿಡೋ ತೋಟದವರೂ ಇದ್ದಾರೆ. ಥಾರ್ನ್‌ಡೈಕ್, ಸ್ಕಿನ್ನರ್ ಲೆಕ್ಕದಲ್ಲಿ ಇದು ಸರಿಯಾದ ಜಾಗಕ್ಕೇ ಕೈ ಹಾಕಿದ ಹಾಗೆ, ಬಹುಮಾನವನ್ನೇ ತೆಗೆಯೋದು. ತೊಂದರೆ ಏನಂದ್ರೆ ಹತ್ತು ತೋಟದಲ್ಲಿ ಇಬ್ಬರು ಮಾತ್ರ ಇಳಿಸಿದ್ರೆ ಆನೆ ಪಾಲಿಗೆ ಅದು ಯಾವಾಗ ಸಿಗುತ್ತೋ ಗೊತ್ತಿಲ್ಲದ ಬಹುಮಾನವೇ ಆಗುತ್ತೆ, ಹತ್ತೂ ಜನ ಇಳಿಸೋಣ ಅಂದ್ರೆ ಆ ಎತ್ತರದ ಮರ ಹತ್ತೋಕೆ ಆಳು ಸಿಗಲ್ಲ.