ಅಡ್ವಾನ್ಸ್‌ಗೆ ಮೊದಲೇ ಕೇಳಿ: ಮಷೀನು ಕೂರುವುದೆಲ್ಲಿ?

ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಡೆಯಿಂದ ಬರುವ ಮಷೀನು ರಫ್ತಿನ ಫೈಲುಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. "ನಾವು ಮಾರಿದ್ದು ದುಬೈ ಟ್ರೇಡರ್‌ಗೆ ಸಾರ್, ಯಾವ ಸರ್ಕಾರಕ್ಕೂ ಅಲ್ಲ" ಎನ್ನುತ್ತಾರೆ. ಟ್ರೇಡರ್ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮಷೀನು) ಓಡಿಸುವುದಿಲ್ಲ. ಕೊಳ್ಳುವವನು ಬೇರೆ, ಬಳಸುವವನು ಬೇರೆ.

ಪಿಓ, ಅಂದರೆ ಖರೀದಿ ಆದೇಶ, ತೆಗೆದು ನೋಡಿ. ಬಿಲ್ಲು ಒಂದು ಹೆಸರಿಗೆ, ಕನ್‌ಸೈನಿ (ಸರಕು ಪಡೆಯುವವನು) ಇನ್ನೊಂದು, ನೋಟಿಫೈ ಪಾರ್ಟಿ (ಸರಕು ಬಂದಾಗ ಸುದ್ದಿ ಮುಟ್ಟಿಸಬೇಕಾದವರು) ಜಾಗದಲ್ಲಿ ಫಾರ್ವರ್ಡರ್, ಅಂದರೆ ಸಾಗಣೆ ಏಜೆಂಟ್, ಬಳಕೆಯ ಸಾಲಿನಲ್ಲಿ "ಜನರಲ್ ಎಂಜಿನಿಯರಿಂಗ್". ಇಷ್ಟರಲ್ಲಿ ಕಾರ್ಖಾನೆ ಎಲ್ಲಿದೆ? ಆ ಹಾಳೆಯಲ್ಲೇ ಇಲ್ಲ.

ಬಳಸುವವನೂ ಖಾಸಗಿಯವನೇ ಎಂದಿಟ್ಟುಕೊಳ್ಳೋಣ. ಆಳುವವರನ್ನು ಕೋರ್ಟೂ ಪತ್ರಿಕೆಯೂ ತಡೆಯಲಾಗದ ದೇಶದಲ್ಲಿ ಸೇನೆಯವರು ಬಂದು "ನಾಳೆಯಿಂದ ಫಿರಂಗಿ ಶೆಲ್ಲಿನ ಕವಚ ಕೊರೆ" ಎಂದರೆ ಆ ಮಾಲೀಕ ಒಲ್ಲೆ ಎನ್ನಲಾರ. ಅಲ್ಲಿ ಖಾಸಗಿ ಎಂಬ ಮಾತಿಗೆ ನಮ್ಮಲ್ಲಿರುವ ತೂಕವಿಲ್ಲ.

ಜಪಾನಿನ ತೋಷಿಬಾ ಮಷೀನ್ ಕಂಪನಿ 1980ರ ದಶಕದ ಆರಂಭದಲ್ಲಿ ಸೋವಿಯತ್ ಒಕ್ಕೂಟಕ್ಕೆ ಒಂಬತ್ತು ಆಕ್ಸಿಸ್‌ನ (ಚಲನೆಯ ಅಕ್ಷದ) ಮಿಲ್ಲಿಂಗ್ ಮಷೀನು ಮಾರಿತು. ಲೈಸೆನ್ಸ್ ಅರ್ಜಿಯಲ್ಲಿ ಬರೆದದ್ದು ಎರಡು ಆಕ್ಸಿಸ್. ಅದು ಸಬ್‌ಮರೀನಿನ ಪ್ರೊಪೆಲರ್ ಕೊರೆಯಬಲ್ಲ ಮಷೀನು. 1987ರಲ್ಲಿ ವಿಷಯ ಹೊರಬಂದಾಗ ಮಾತೃಸಂಸ್ಥೆಯ ಅಧ್ಯಕ್ಷರೂ ಚೇರ್ಮನ್ನರೂ ರಾಜೀನಾಮೆ ಕೊಟ್ಟರು.

ಐದು ಆಕ್ಸಿಸ್ ಒಟ್ಟಿಗೆ ಚಲಿಸುವ ಮಷೀನು ನಮ್ಮ ಸ್ಕೋಮೆಟ್ ಪಟ್ಟಿಯ (ರಫ್ತಿಗೆ ಸರ್ಕಾರದ ಅನುಮತಿ ಬೇಕಾದ ಸರಕುಗಳ ಪಟ್ಟಿ) 8ನೇ ವಿಭಾಗಕ್ಕೆ ಬರಬಹುದು. ಸ್ಪೆಸಿಫಿಕೇಶನ್ ನೋಡದೆ ಖಚಿತ ಹೇಳಲಾಗದು. ಸಾಮಾನ್ಯ ಸಿಎನ್‌ಸಿ ಲೇತ್ ಪಟ್ಟಿಯಲ್ಲಿಲ್ಲ ಎಂದು ನಿಶ್ಚಿಂತೆಯಿಂದಿರುವವರು ಇದನ್ನು ಗಮನಿಸಬೇಕು: ಹಾರಿಜಾಂಟಲ್ ಸಿಎನ್‌ಸಿ ಲೇತಿನ ಕಸ್ಟಮ್ಸ್ ಕೋಡು 8458.11, ಬಾಲ್ ಬೇರಿಂಗಿನ 8482.10, ಎರಡೂ ಕೋಡುಗಳು ರಷ್ಯಾ ವಿಷಯದಲ್ಲಿ ಅಮೆರಿಕ, ಯೂರೋಪು ನಿಗಾ ಇಟ್ಟಿರುವ 50 ಕೋಡುಗಳಲ್ಲಿವೆ. ಇದೇ ರಷ್ಯಾ ವಿಷಯದಲ್ಲಿ 2024ರ ಅಕ್ಟೋಬರಿನಲ್ಲಿ ಅಮೆರಿಕ 19 ಭಾರತೀಯ ಕಂಪನಿಗಳ ಮೇಲೆ ನಿರ್ಬಂಧ ಹಾಕಿತು. ಅವು ಭಾರತದ ಕಾನೂನು ಮುರಿದಿಲ್ಲ ಎಂಬುದೇ ತನ್ನ ತಿಳಿವಳಿಕೆ ಎಂದು ನಮ್ಮ ವಿದೇಶಾಂಗ ಸಚಿವಾಲಯ ಹೇಳಿತು. ಆದರೂ ಅಂಥ ಪಟ್ಟಿಯಲ್ಲಿ ಹೆಸರು ಬಂದವರ ಡಾಲರ್ ವ್ಯವಹಾರ ಮುಟ್ಟಲು ಬ್ಯಾಂಕುಗಳು ಹೆದರುತ್ತವೆ.

ಆದ್ದರಿಂದ ಕೊಟೇಶನ್ ಕಳಿಸುವಾಗಲೇ ಕೇಳಿ: ಮಷೀನು ಕೂರುವ ಶೆಡ್ಡಿನ ವಿಳಾಸ, ಫೌಂಡೇಶನ್ ಡ್ರಾಯಿಂಗ್, ಅದರಲ್ಲಿ ಕೊರೆಯಲಿರುವ ಭಾಗದ ಹೆಸರು. ಬಳಸುವವನ ಲೆಟರ್‌ಹೆಡ್‌ನಲ್ಲೇ ಬಳಕೆಯ ಪತ್ರ ಬರಲಿ. ಟ್ರೇಡರ್ ಸಹಿ ಸಾಲದು. ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಮರುಮಾರಾಟವಿಲ್ಲ ಎಂಬ ಷರತ್ತು ಪಿಓದಲ್ಲೇ ಇರಲಿ. ಅಡ್ವಾನ್ಸ್ ಬಂದ ಮೇಲೆ ಇದನ್ನೆಲ್ಲ ಕೇಳುವುದು ಕಷ್ಟ. ಆ ದುಡ್ಡು ಕಾಸ್ಟಿಂಗಿಗೆ, ಸಂಬಳಕ್ಕೆ ಹೋಗಿರುತ್ತದೆ, ಬ್ಯಾಂಕಿನ ಕಂತು ಬಾಗಿಲಲ್ಲಿ ನಿಂತಿರುತ್ತದೆ. ಸಾಲ ಮಾಡಿ ಶೆಡ್ ಕಟ್ಟಿದವರ ಆ ಒತ್ತಡ ಗೊತ್ತಿರುವುದರಿಂದಲೇ ಮೊದಲೇ ಕೇಳಿ ಎನ್ನುತ್ತಿರುವುದು.

"ಇನ್‌ಸ್ಟಲೇಶನ್ ಬೇಡ, ಟ್ರೈನಿಂಗ್ ಬೇಡ, ನೇಮ್‌ಪ್ಲೇಟ್ ತೆಗೆದು ಕ್ರೇಟ್ ಮಾಡಿ" ಎನ್ನುವವನಿಗೆ ಮಾತ್ರ ದರ ಎಷ್ಟೇ ಕೊಡಲಿ, ಮಷೀನು ಕೊಡಬೇಡಿ.